ಮಿದುಳಿನ ಚಿತ್ರವೂ ಸಂಖ್ಯಾಶಾಸ್ತ್ರದ ಮಾದರಿಯೂ

೧. ಪ್ರಸ್ತಾವನೆ

ಮನುಷ್ಯನು ಓದುವಾಗ, ಮಾತನಾಡುವಾಗ, ಸಂಗೀತವನ್ನು ಕೇಳುವಾಗ ಅವನ ಮಿದುಳಿನ ಯಾವ ಭಾಗವು ಕಾರ್ಯಪ್ರವೃತ್ತವಾಗುವುದೆಂಬುದನ್ನು ಕೆಂಪು ಹಳದಿ ಮಚ್ಚೆಗಳಿಂದ ತೋರಿಸುವ ಚಿತ್ರಗಳು ಈಗ ವೈದ್ಯಗ್ರಂಥಗಳಲ್ಲಿ ಮಾತ್ರವಲ್ಲದೆ ಸಾಮಾನ್ಯ ಪತ್ರಿಕೆಗಳಲ್ಲಿಯೂ ಅಚ್ಚಾಗುತ್ತಿವೆ. ಭಾಷೆ, ಓದು, ರಸಾನುಭವ ಮೊದಲಾದ ವಿಷಯಗಳಲ್ಲಿಯೂ ಇಂಥ ಚಿತ್ರಗಳನ್ನು ಸಾಕ್ಷಿಯಾಗಿ ಮುಂದಿಟ್ಟು ಸಿದ್ಧಾಂತಗಳನ್ನು ಮಾಡುವವರಿರುವುದರಿಂದ, ಸಾಹಿತ್ಯದ ಉಪಾಧ್ಯಾಯರು ಇವುಗಳ ಪ್ರಾಮಾಣ್ಯವನ್ನು ತಾವೇ ವಿಚಾರಿಸಿ ನೋಡುವುದು ಅವಶ್ಯಕವಾಗಿದೆ. ಶಾಸನವನ್ನು ಓದುವವನು ಲಿಪಿಯನ್ನೂ ಕಾಲವನ್ನೂ ಕಲ್ಲಿನ ಸವೆತವನ್ನೂ ಪರಿಶೀಲಿಸದೆ ಅರ್ಥವನ್ನು ಹೇಳತೊಡಗಿದರೆ ಯಾವ ಅನರ್ಥವಾಗುವುದೋ, ಈ ಚಿತ್ರಗಳನ್ನು ಅವುಗಳ ಹಿಂದಿರುವ ಗಣಿತವನ್ನು ಅರಿಯದೆ ಓದಿದರೂ ಅದೇ ಅನರ್ಥವಾಗುವುದು.

ಮಿದುಳಿನ ಚಿತ್ರದ ಮೇಲಿನ ಮಚ್ಚೆಯು ಛಾಯಾಚಿತ್ರವಲ್ಲ, ಅದೊಂದು ತೀರ್ಪು. ಎರಡು ಸ್ಥಿತಿಗಳ ನಡುವಣ ವ್ಯತ್ಯಾಸವನ್ನು ಮೊದಲೇ ಬರೆದಿಟ್ಟ ಒಂದು ಮಾದರಿಯೊಡನೆ ಹೋಲಿಸಿ, ಇಷ್ಟು ವ್ಯತ್ಯಾಸವು ಆಕಸ್ಮಿಕವಾಗಿ ಬರಲಾರದೆಂದು ಸಂಖ್ಯಾಶಾಸ್ತ್ರವು ಕೊಟ್ಟ ತೀರ್ಪು. ಆ ಮಾದರಿಯು ಹೇಗೆ ಹುಟ್ಟಿ ಬೆಳೆಯಿತೆಂಬುದೇ ಈ ಲೇಖನದ ವಿಷಯ. ಅದರ ಚರಿತ್ರೆಯಲ್ಲಿ ಹೊಲ, ಕಬ್ಬಿಣ, ಹೊಳೆ ಎಂಬ ಮೂರು ಎಳೆಗಳು ಕೂಡಿಕೊಂಡಿವೆ. ಅಡಕೆಯ ತೋಟಗಳ ನಡುವೆ, ಕಬ್ಬಿಣದ ಕಾರ್ಖಾನೆಯ ನೆರೆಯಲ್ಲಿ, ತುಂಗೆ ಭದ್ರೆಯರ ದಡದಲ್ಲಿ ಬಾಳಿದ ಶಿವಮೊಗ್ಗ ಭದ್ರಾವತಿಗಳ ಜನರಿಗೆ ಈ ಮೂರೂ ಪರಿಚಿತವಾದುವು. ಆದಕಾರಣ ದೃಷ್ಟಾಂತಗಳನ್ನು ಆ ಸೀಮೆಯಿಂದಲೇ ತೆಗೆದುಕೊಂಡಿದೆ.

೨. ಹೊಲದ ತಾಕು

ಮಲೆನಾಡಿನ ಅಡಕೆಯ ಬೆಳೆಗೆ ಮಳೆಗಾಲದಲ್ಲಿ ತಗಲುವ ಕೊಳೆರೋಗವು ಹಳೆಯ ಪಿಡುಗು. ಮೈಸೂರು ಸಂಸ್ಥಾನದ ಸೇವೆಗೆ ೧೯೦೮ರಲ್ಲಿ ಬಂದ ಕೆನಡಾ ದೇಶದ ಶಾಸ್ತ್ರಜ್ಞರಾದ ಲೆಸ್ಲಿ ಕೋಲ್ಮನ್ನರು ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಕುರಿತು ೧೯೧೦ರಲ್ಲಿ ಪ್ರಬಂಧವನ್ನು ಪ್ರಕಟಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಉಪಾಯವನ್ನು ಬಳಕೆಗೆ ತಂದರು. ಇಂಥ ಉಪಾಯವೊಂದು ಫಲಕಾರಿಯಾಯಿತೆಂದು ತಿಳಿಯುವುದು ಹೇಗೆ? ಒಂದು ತೋಟಕ್ಕೆ ಔಷಧಿಯನ್ನು ಹೊಡೆದು ಇನ್ನೊಂದನ್ನು ಹಾಗೆಯೇ ಬಿಟ್ಟರೆ ಸಾಲದು. ಮೊದಲನೆಯದು ಗಾಳಿಯಾಡುವ ಇಳಿಜಾರಿನಲ್ಲಿಯೂ ಎರಡನೆಯದು ತೇವ ತುಂಬಿದ ಕಣಿವೆಯ ತಳದಲ್ಲಿಯೂ ಇದ್ದರೆ, ಕಂಡ ವ್ಯತ್ಯಾಸವು ಔಷಧಿಯದೋ ನೆಲದ್ದೋ ಎಂಬುದನ್ನು ಯಾರೂ ಹೇಳಲಾರರು.

ಈ ಪ್ರಶ್ನೆಗೆ ಸರಿಯಾದ ಉತ್ತರವು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕ್ಷೇತ್ರದಲ್ಲಿ ದೊರೆಯಿತು. ಅಲ್ಲಿಗೆ ೧೯೧೯ರಲ್ಲಿ ಬಂದ ರೊನಾಲ್ಡ್ ಫಿಷರರು ೧೯೨೬ರ ಒಂದು ಲೇಖನದಲ್ಲಿಯೂ, ಪ್ರಯೋಗವಿನ್ಯಾಸವನ್ನು ಕುರಿತು ೧೯೩೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಈ ಕ್ರಮವನ್ನು ವಿವರಿಸಿದರು. ನೆಲವನ್ನು ಮೊದಲು ತಾಕುಗಳಾಗಿ ವಿಂಗಡಿಸಬೇಕು. ಒಂದು ತಾಕಿನೊಳಗಿನ ಮಣ್ಣು ಆದಷ್ಟು ಒಂದೇ ಬಗೆಯಾಗಿರಬೇಕು. ಪ್ರತಿಯೊಂದು ತಾಕನ್ನೂ ಮಡಿಗಳಾಗಿ ಒಡೆದು, ಪರೀಕ್ಷಿಸಬೇಕಾದ ಎಲ್ಲ ಉಪಚಾರಗಳೂ ಪ್ರತಿ ತಾಕಿನಲ್ಲಿಯೂ ಬರುವಂತೆ ಮಾಡಿ, ಯಾವ ಮಡಿಗೆ ಯಾವ ಉಪಚಾರವೆಂಬುದನ್ನು ಚೀಟಿಯೆತ್ತಿ ನಿರ್ಣಯಿಸಬೇಕು. ಆಗ ತಾಕುತಾಕಿಗಿರುವ ಭೇದವನ್ನು ಲೆಕ್ಕದಿಂದ ಕಳೆದುಬಿಡಬಹುದು. ಉಳಿದ ಭೇದವು ಉಪಚಾರದ್ದು, ಅದಕ್ಕೂ ಮಿಕ್ಕಿದ್ದು ಆಕಸ್ಮಿಕದ್ದು. ಇಂಗ್ಲಿಷಿನವರು ‘ಬ್ಲಾಕ್’ ಎಂದು ಕರೆದುದು ಈ ತಾಕನ್ನೇ.

ಈ ವಿದ್ಯೆಯು ಬೇಗನೆ ಭಾರತಕ್ಕೆ ಬಂದಿತು. ಪ್ರಶಾಂತಚಂದ್ರ ಮಹಾಲನೋಬಿಸರು ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ೧೯೩೮ರ ಜನವರಿಯಲ್ಲಿ ಅಲ್ಲಿ ನಡೆದ ಮೊದಲನೆಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಫಿಷರರೇ ಬಂದಿದ್ದರು. ಮರುವರ್ಷವೇ, ಎಂದರೆ ೧೯೩೯ರಲ್ಲಿ, ಅದೇ ಸಂಸ್ಥೆಯ ರಾಜಚಂದ್ರ ಬೋಸರು ಎಲ್ಲ ಉಪಚಾರಗಳೂ ಒಂದೇ ತಾಕಿನಲ್ಲಿ ಹಿಡಿಸದಿದ್ದಾಗ ಅವುಗಳನ್ನು ಸಮತೋಲವಾಗಿ ಹಂಚುವ ವಿನ್ಯಾಸಗಳನ್ನು ರಚಿಸುವ ಬಗೆಯನ್ನು ಕುರಿತು ಪ್ರಸಿದ್ಧವಾದ ಲೇಖನವನ್ನು ಪ್ರಕಟಿಸಿದರು.

೩. ರಕ್ತದ ಕಬ್ಬಿಣ

ಎರಡನೆಯ ಎಳೆಯು ಕಬ್ಬಿಣದ್ದು. ಕೆಮ್ಮಣ್ಣುಗುಂಡಿಯ ಅದುರನ್ನು ಮಲೆನಾಡಿನ ಕಾಡುಗಳ ಇದ್ದಲಿನಿಂದ ಕರಗಿಸುವ ಕುಲುಮೆಯು ಭದ್ರಾವತಿಯಲ್ಲಿ ೧೯೨೩ರಲ್ಲಿ ಕಾರ್ಯಾರಂಭ ಮಾಡಿದುದು ಕನ್ನಡನಾಡಿನ ಚರಿತ್ರೆಯಲ್ಲಿ ಸುಪ್ರಸಿದ್ಧವಾಗಿದೆ. ಅದೇ ಲೋಹವು ಅತ್ಯಲ್ಪ ಪ್ರಮಾಣದಲ್ಲಿ ಮನುಷ್ಯನ ದೇಹದಲ್ಲಿಯೂ ಇದೆ. ಬೆಳೆದ ದೇಹದಲ್ಲಿರುವ ಕಬ್ಬಿಣವೆಲ್ಲ ಸೇರಿ ಸುಮಾರು ೩ರಿಂದ ೪ ಗ್ರಾಂ. ಅದರ ಹೆಚ್ಚಿನ ಭಾಗವು ರಕ್ತದ ಹಿಮೋಗ್ಲೋಬಿನ್ ಎಂಬ ವಸ್ತುವಿನಲ್ಲಿದ್ದು ಆಮ್ಲಜನಕವನ್ನು ಹೊತ್ತುಕೊಂಡು ಸಂಚರಿಸುತ್ತದೆ.

ಅಮೆರಿಕೆಯ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಎಂಬುವರು ೧೯೩೬ರಲ್ಲಿ, ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ನಿಗೂ ಅದನ್ನು ಇಳಿಸಿದ ಹಿಮೋಗ್ಲೋಬಿನ್ನಿಗೂ ಕಾಂತಗುಣದಲ್ಲಿ ಭೇದವುಂಟೆಂದು ತೋರಿಸಿಕೊಟ್ಟರು. ಹೊರೆಯನ್ನು ಇಳಿಸಿದ ಮೇಲೆ ಅದು ಕಾಂತಕ್ಷೇತ್ರವನ್ನು ಕೊಂಚ ಕದಡುತ್ತದೆ. ಹೊರೆಯಿದ್ದಾಗ ಹಾಗೆ ಮಾಡುವುದಿಲ್ಲ. ಇದಕ್ಕೆ ಎಷ್ಟೋ ಹಿಂದೆ, ೧೮೯೦ರಲ್ಲಿ, ರಾಯ್ ಮತ್ತು ಶೆರಿಂಗ್ಟನ್ ಎಂಬ ಶರೀರಶಾಸ್ತ್ರಜ್ಞರು ಮಿದುಳಿನ ಚಟುವಟಿಕೆಗೆ ತಕ್ಕಂತೆ ಅಲ್ಲಿಯ ರಕ್ತಪ್ರವಾಹವು ಹೆಚ್ಚುಕಡಿಮೆಯಾಗುವುದೆಂದು ಪ್ರತಿಪಾದಿಸಿದ್ದರು. ಈ ಎರಡು ತಿಳಿವಳಿಕೆಗಳನ್ನೂ ಒಂದುಗೂಡಿಸಿದವರು ಜಪಾನಿನ ಸೈಜಿ ಒಗಾವಾ. ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿದ್ದ ಅವರು ೧೯೯೦ರಲ್ಲಿ ರಕ್ತದ ಆಮ್ಲಜನಕದ ಸ್ಥಿತಿಯನ್ನು ಎಂ.ಆರ್.ಐ. ಯಂತ್ರದಿಂದಲೇ ಕಾಣಬಹುದೆಂದು ಪ್ರಕಟಪಡಿಸಿದರು. ಮಿದುಳಿನ ಒಂದು ಭಾಗವು ದುಡಿಯತೊಡಗಿದಾಗ ಅಲ್ಲಿಗೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಹೊಸ ರಕ್ತವು ಹರಿದುಬರುವುದರಿಂದ, ಹೊರೆಯಿಳಿಸಿದ ಹಿಮೋಗ್ಲೋಬಿನ್ನಿನ ಪಾಲು ಅಲ್ಲಿ ತಗ್ಗಿ, ಯಂತ್ರಕ್ಕೆ ಬರುವ ಸಂಕೇತವು ಸ್ವಲ್ಪ ಏರುತ್ತದೆ. ಈ ಏರಿಕೆಯು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಮಾತ್ರ. ಮನುಷ್ಯರಲ್ಲಿ ಇದನ್ನು ತೋರಿಸಿದ ಲೇಖನಗಳು ೧೯೯೨ರಲ್ಲಿ ಹೊರಬಂದುವು. ಅವುಗಳಲ್ಲೊಂದು ಕೆನೆತ್ ಕ್ವಾಂಗ್ ಮತ್ತು ಅವರ ಸಹೋದ್ಯೋಗಿಗಳದು. ಅವರು ಕಣ್ಣೆದುರಿಗೆ ಮಿನುಗುವ ಬೆಳಕನ್ನು ಸ್ವಲ್ಪ ಹೊತ್ತು ಹೊತ್ತಿಸಿ, ಸ್ವಲ್ಪ ಹೊತ್ತು ನಂದಿಸಿ, ಮತ್ತೆ ಹೊತ್ತಿಸಿ ಅಳತೆಗಳನ್ನು ತೆಗೆದುಕೊಂಡರು.

ಹೀಗೆ ಒಂದೇ ಸ್ಥಿತಿಯನ್ನು ಕೆಲಕಾಲ ನಿಲ್ಲಿಸಿ, ಅನಂತರ ಮತ್ತೊಂದನ್ನು ಅಷ್ಟೇ ಕಾಲ ನಿಲ್ಲಿಸುವ ಕ್ರಮಕ್ಕೂ ‘ಬ್ಲಾಕ್’ ವಿನ್ಯಾಸವೆಂದೇ ಹೆಸರಾಯಿತು. ಇಲ್ಲಿ ಒಂದು ಶಬ್ದಭ್ರಾಂತಿಯನ್ನು ಪರಿಹರಿಸಿಕೊಳ್ಳಬೇಕಾಗಿದೆ. ಫಿಷರರ ‘ಬ್ಲಾಕ್’ ನೆಲದ ಭಾಗ. ಅದರೊಳಗೆ ಎಲ್ಲ ಉಪಚಾರಗಳೂ ಇರುತ್ತವೆ. ಮಿದುಳಿನ ಪ್ರಯೋಗದ ‘ಬ್ಲಾಕ್’ ಕಾಲದ ಭಾಗ. ಅದರೊಳಗೆ ಒಂದೇ ಉಪಚಾರವಿರುತ್ತದೆ. ಮೊದಲನೆಯದನ್ನು ‘ತಾಕು’ ಎಂದೂ ಎರಡನೆಯದನ್ನು ‘ಸರದಿ’ ಎಂದೂ ಕರೆದರೆ ಕನ್ನಡದಲ್ಲಿ ಈ ಗೊಂದಲವೇ ಇರದು. ಹಾಗೆ ಕರೆದೊಡನೆ ಇವೆರಡರ ಸಂಬಂಧವೂ ಸ್ಪಷ್ಟವಾಗುತ್ತದೆ: ಒಂದು ಸರದಿಯು ಹೊಲದ ಒಂದು ಮಡಿಗೆ ಸಮಾನ, ಅಕ್ಕಪಕ್ಕದ ಎರಡು ಸರದಿಗಳ ಜೋಡಿಯು ಒಂದು ತಾಕಿಗೆ ಸಮಾನ. ಯಂತ್ರದ ಸಂಕೇತವು ನಿಮಿಷದಿಂದ ನಿಮಿಷಕ್ಕೆ ಮೆಲ್ಲನೆ ತೇಲಿಹೋಗುವುದುಂಟು. ಹೊಲದ ಸಾರವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗುವಂತೆಯೇ ಇದೂ. ಎರಡು ಸ್ಥಿತಿಗಳನ್ನು ಹತ್ತಿರಹತ್ತಿರದಲ್ಲಿ ಇಟ್ಟು ಹೋಲಿಸಿದರೆ ಈ ತೇಲಿಕೆಯ ಕಾಟವು ತಗ್ಗುತ್ತದೆ. ಆದರೆ ಒಂದು ಭೇದವನ್ನು ಮರೆಯಬಾರದು. ಹೊಲದಲ್ಲಿ ಚೀಟಿಯೆತ್ತುತ್ತಾರೆ, ಸರದಿಗಳನ್ನು ಬಹುಮಟ್ಟಿಗೆ ಒಂದಾದ ಮೇಲೊಂದರಂತೆ ಕ್ರಮವಾಗಿ ಇಡುತ್ತಾರೆ. ಕ್ರಮವಾದ ಹಂಚಿಕೆಯು ಲೇಸೋ ಚೀಟಿಯ ಹಂಚಿಕೆಯು ಲೇಸೋ ಎಂಬ ವಿಷಯದಲ್ಲಿ ೧೯೩೬–೩೭ರಲ್ಲಿ ಫಿಷರರಿಗೂ ‘ಸ್ಟೂಡೆಂಟ್’ ಎಂಬ ಅಂಕಿತದಿಂದ ಬರೆಯುತ್ತಿದ್ದ ವಿಲಿಯಂ ಗಾಸೆಟ್ಟರಿಗೂ ವಾದವೇ ನಡೆದಿತ್ತು. ಕ್ರಮವು ಸಮತೋಲವನ್ನು ಕೊಡುತ್ತದೆ. ಆದರೆ ಅದೇ ಕ್ರಮದಲ್ಲಿ ಬೇರೇನಾದರೂ ಏರಿಳಿಯುತ್ತಿದ್ದರೆ ಅದನ್ನು ಬೇರ್ಪಡಿಸುವ ದಾರಿಯು ಮುಚ್ಚಿಹೋಗುತ್ತದೆ.

೪. ಹೊಳೆಯ ಏರಿಳಿತ

ಮೂರನೆಯ ಎಳೆಯು ಕಾಲವಿಳಂಬದ್ದು. ಕಣ್ಣಿಗೆ ಅಕ್ಷರವು ಬಿದ್ದೊಡನೆ ನರಗಳು ಕ್ಷಣಾರ್ಧದಲ್ಲಿ ಚುರುಕಾಗುತ್ತವೆ; ರಕ್ತವಾದರೋ ನಿಧಾನವಾಗಿ ಬರುತ್ತದೆ. ಅದರ ಏರಿಕೆಯು ಸುಮಾರು ೫–೬ ಸೆಕೆಂಡುಗಳಲ್ಲಿ ಶಿಖರವನ್ನು ಮುಟ್ಟಿ, ಇಳಿದು, ಮೊದಲಿನ ಮಟ್ಟಕ್ಕಿಂತ ಸ್ವಲ್ಪ ತಗ್ಗಿ, ಬಳಿಕ ಸಮಸ್ಥಿತಿಗೆ ಬರುತ್ತದೆ. ಆದಕಾರಣ ಸರದಿ ಆರಂಭವಾದ ಗಳಿಗೆಯಲ್ಲಿಯೇ ಸಂಕೇತವು ಏರಬೇಕೆಂದು ನಿರೀಕ್ಷಿಸುವುದು ತಪ್ಪು.

ಇದರ ಗಣಿತವನ್ನು ಹೊಳೆಯಿಂದ ತಿಳಿಯುವುದು ಸುಲಭ. ಶೃಂಗೇರಿ ತೀರ್ಥಹಳ್ಳಿಗಳ ಕಡೆ ಮಳೆ ಸುರಿದ ಗಳಿಗೆಯಲ್ಲಿಯೇ ಶಿವಮೊಗ್ಗದಲ್ಲಿ ತುಂಗೆಯು ಏರುವುದಿಲ್ಲ. ಹೊತ್ತು ಕಳೆದು ಏರಿ, ಮಳೆ ನಿಂತ ಮೇಲೂ ಕೆಲಕಾಲ ತುಂಬಿ ಹರಿದು, ಮೆಲ್ಲನೆ ಇಳಿಯುತ್ತದೆ. (ಈಗ ಗಾಜನೂರಿನಲ್ಲಿಯೂ ಲಕ್ಕವಳ್ಳಿಯಲ್ಲಿಯೂ ಅಣೆಕಟ್ಟುಗಳಿರುವುದರಿಂದ ಎರಡು ಹೊಳೆಗಳ ಸ್ವಾಭಾವಿಕವಾದ ಏರಿಳಿತವು ಹಾಗೆಯೇ ಕಾಣಲಾರದು, ಇಲ್ಲಿ ಹೇಳಿದುದು ತಡೆಯಿಲ್ಲದ ಹೊಳೆಯ ಮಾತು.) ಒಂದು ಗೊತ್ತಾದ ಅಳತೆಯ ಮಳೆಗೆ ಹೊಳೆಯು ಹೇಗೆ ಏರಿ ಇಳಿಯುವುದೆಂಬ ರೇಖೆಯೊಂದನ್ನು ತಿಳಿದರೆ, ಎರಡರಷ್ಟು ಮಳೆಗೆ ಎರಡರಷ್ಟು ಏರಿಕೆಯನ್ನೂ, ಬೇರೆಬೇರೆ ಹೊತ್ತಿನ ಮಳೆಗಳಿಗೆ ಅದೇ ರೇಖೆಯನ್ನು ಆಯಾ ಹೊತ್ತಿಗೆ ಸರಿಸಿ ಕೂಡಿಸಿದ ಮೊತ್ತವನ್ನೂ ಮುಂದಾಗಿ ಹೇಳಬಹುದು. ಅಮೆರಿಕೆಯ ಇಂಜಿನಿಯರ್ ಶೆರ್ಮನ್ನರು ೧೯೩೨ರಲ್ಲಿ ಈ ‘ಏಕಮಾನ ರೇಖೆ’ಯ ವಿಧಾನವನ್ನು ಪ್ರಕಟಿಸಿದರು. ಮಿದುಳಿನ ಮಾದರಿಯಲ್ಲಿ ಮಾಡುವುದೂ ಇದನ್ನೇ: ಸರದಿಯ ಚೌಕಾಕಾರದ ರೇಖೆಯು ಮಳೆ, ರಕ್ತಪ್ರತಿಕ್ರಿಯೆಯ ರೇಖೆಯು ಏಕಮಾನ, ಇವೆರಡನ್ನೂ ಬೆರೆಸಿದಾಗ ದೊರೆಯುವ ಗುಂಡಗಾದ, ತಡವಾಗಿ ಏರುವ ರೇಖೆಯೇ ನಿರೀಕ್ಷಿತ ಸಂಕೇತ. ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರಿದ ಮೇಲಣ ಪ್ರವಾಹವು ಎರಡರ ಮೊತ್ತವಾಗಿರುವಂತೆ, ಎರಡು ಕಾರಣಗಳ ಫಲವು ಬಿಡಿಬಿಡಿಯ ಫಲಗಳ ಮೊತ್ತವೆಂಬುದು ಇಲ್ಲಿಯ ಮೂಲಭೂತವಾದ ಊಹೆ. ದೃಷ್ಟಿಗೆ ಸಂಬಂಧಪಟ್ಟ ಮಿದುಳಿನ ಭಾಗದಲ್ಲಿ ಈ ಊಹೆಯು ಸುಮಾರಾಗಿ ನಿಲ್ಲುವುದೆಂದು ಬಾಯಿಂಟನ್ ಮತ್ತು ಅವರ ಸಂಗಡಿಗರು ೧೯೯೬ರಲ್ಲಿ ಪರೀಕ್ಷಿಸಿ ತೋರಿಸಿದರು.

೫. ಮಾದರಿಯ ರಚನೆ

ಈ ಮೂರು ಎಳೆಗಳನ್ನೂ ಒಂದೇ ಸಮೀಕರಣದಲ್ಲಿ ಹೆಣೆದ ಕೀರ್ತಿಯು ಮುಖ್ಯವಾಗಿ ಲಂಡನ್ನಿನ ಕಾರ್ಲ್ ಫ್ರಿಸ್ಟನ್, ಮಾಂಟ್ರಿಯಲಿನ ಕೀತ್ ವರ್ಸ್ಲಿ ಮತ್ತು ಅವರ ಸಹೋದ್ಯೋಗಿಗಳಿಗೆ ಸಲ್ಲುತ್ತದೆ. ಅವರು ೧೯೯೫ರಲ್ಲಿ ಪ್ರಕಟಿಸಿದ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು.

ಶಿವಮೊಗ್ಗದ ಒಬ್ಬ ವಾಚಕನಿಗೆ ೨೦ ಸೆಕೆಂಡುಗಳ ಕಾಲ ಕನ್ನಡದ ಪದಗಳನ್ನೂ, ಅನಂತರ ೨೦ ಸೆಕೆಂಡುಗಳ ಕಾಲ ಅಷ್ಟೇ ಉದ್ದದ ಅರ್ಥವಿಲ್ಲದ ಗೆರೆಗಳನ್ನೂ ತೋರಿಸುತ್ತ, ಈ ಜೋಡಿಯನ್ನು ೮ ಸಲ ಆವರ್ತಿಸುವುದೆಂದು ಇಟ್ಟುಕೊಳ್ಳೋಣ. ಒಟ್ಟು ಕಾಲ ೩೨೦ ಸೆಕೆಂಡು. ಎರಡು ಸೆಕೆಂಡಿಗೊಂದರಂತೆ ಮಿದುಳಿನ ಅಳತೆಯನ್ನು ತೆಗೆದರೆ ೧೬೦ ಅಳತೆಗಳಾಗುವುವು. ಮಿದುಳನ್ನು ಸಣ್ಣ ಘನಕಣಗಳಾಗಿ ವಿಭಾಗಿಸಿ, ಪ್ರತಿಯೊಂದು ಕಣಕ್ಕೂ ಹೀಗೆ ಬರೆಯುತ್ತಾರೆ:

ಅಳತೆ = (ಓದಿನ ನಿರೀಕ್ಷಿತ ರೇಖೆ × ಅದರ ಗುಣಕ) + (ತೇಲಿಕೆಯ ರೇಖೆಗಳು × ಅವುಗಳ ಗುಣಕಗಳು) + ಸ್ಥಿರಾಂಕ + ಶೇಷ.

ರೇಖೆಗಳನ್ನೆಲ್ಲ ಸ್ತಂಭಗಳಾಗಿ ನಿಲ್ಲಿಸಿದ ಪಟ್ಟಿಗೆ ವಿನ್ಯಾಸಕೋಷ್ಟಕವೆಂದು ಹೆಸರು. ಕೋಷ್ಟಕವನ್ನು ಪ್ರಯೋಗಶೀಲನು ಮೊದಲೇ ಬರೆದಿಡುತ್ತಾನೆ. ಗುಣಕಗಳನ್ನು ಮಾತ್ರ ಅಳತೆಗಳಿಂದ ಕಂಡುಹಿಡಿಯಬೇಕು. ಶೇಷಗಳ ವರ್ಗಗಳ ಮೊತ್ತವು ಆದಷ್ಟು ಕಿರಿದಾಗುವಂತೆ ಗುಣಕಗಳನ್ನು ಆರಿಸಿಕೊಂಡು, ಓದಿನ ಗುಣಕವನ್ನು ಅದರ ಅನಿಶ್ಚಯತೆಯಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಆ ಕಣದ ಬಣ್ಣವನ್ನು ನಿರ್ಣಯಿಸುತ್ತದೆ.

ತೇಲಿಕೆಯ ಸ್ತಂಭಗಳ ವಿಷಯದಲ್ಲಿ ಎಚ್ಚರವಿರಬೇಕು. ಸುಮಾರು ೧೨೮ ಸೆಕೆಂಡುಗಳಿಗಿಂತ ನಿಧಾನವಾದ ಏರಿಳಿತವನ್ನೆಲ್ಲ ತೇಲಿಕೆಯೆಂದು ಕಳೆಯುವುದು ರೂಢಿ. ಮೇಲಣ ಉದಾಹರಣೆಯಲ್ಲಿ ಜೋಡಿಯೊಂದರ ಅವಧಿಯು ೪೦ ಸೆಕೆಂಡಾದುದರಿಂದ ಬಾಧಕವಿಲ್ಲ. ಪ್ರತಿಯೊಂದು ಸರದಿಯನ್ನೂ ೧೦೦ ಸೆಕೆಂಡಿಗೆ ಹಿಗ್ಗಿಸಿದರೆ ಜೋಡಿಯ ಅವಧಿಯು ೨೦೦ ಸೆಕೆಂಡಾಗಿ, ಕಳೆಯೊಡನೆ ಪೈರನ್ನೂ ಕಿತ್ತಂತೆ, ತೇಲಿಕೆಯೊಡನೆ ಓದಿನ ಫಲವೂ ಬಹುಭಾಗ ಕಳೆದುಹೋಗುವುದು.

ಇನ್ನೊಂದು ಪ್ರಶ್ನೆಯು ಇದಕ್ಕಿಂತ ಗಹನವಾದುದು. ಓದುವಾಗ ೧ ಎಂದೂ, ಗೆರೆ ನೋಡುವಾಗ ೧ ಎಂದೂ, ಯಾವಾಗಲೂ ೧ ಎಂದೂ ಮೂರು ಸ್ತಂಭಗಳನ್ನು ನಿಲ್ಲಿಸಿದರೆ, ಮೊದಲೆರಡರ ಮೊತ್ತವು ಮೂರನೆಯದೇ ಆಗುತ್ತದೆ. ಆಗ ಗುಣಕಗಳಿಗೆ ಏಕೈಕವಾದ ಬೆಲೆಯಿಲ್ಲ. ಓದಿನದೇ ಆದ ಫಲವೆಷ್ಟು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಓದಿಗೂ ಗೆರೆಗೂ ಇರುವ ವ್ಯತ್ಯಾಸವೆಷ್ಟು ಎಂಬುದಕ್ಕೆ ಮಾತ್ರ ಉತ್ತರವುಂಟು. ಅಳತೆಗಳಿಂದ ಯಾವುದನ್ನು ತಿಳಿಯಬಹುದು, ಯಾವುದನ್ನು ತಿಳಿಯಲಾಗದು ಎಂಬ ಈ ವಿವೇಚನೆಯನ್ನು ೧೯೪೪ರಲ್ಲಿ ರಾಜಚಂದ್ರ ಬೋಸರು ಪ್ರಮೇಯರೂಪದಲ್ಲಿ ನಿರೂಪಿಸಿದರು. ಅದನ್ನು ವಿಸ್ತರಿಸಿ, ಇಂಥ ಕೊರತೆಯಿರುವ ಕೋಷ್ಟಕಗಳಿಗೂ ಸಲ್ಲುವ ‘ಸಾಮಾನ್ಯೀಕೃತ ವಿಲೋಮ’ದ ಗಣಿತವನ್ನು ಬೆಳೆಸಿದವರಲ್ಲಿ ಪ್ರಮುಖರು ಸಿ. ಆರ್. ರಾವ್.

ರಾಯರು ಹುಟ್ಟಿದುದು ೧೯೨೦ರ ಸೆಪ್ಟೆಂಬರ್ ೧೦ರಂದು, ಹೂವಿನಹಡಗಲಿಯಲ್ಲಿ. ಅದು ಆಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಕೂಡಲಿಯಲ್ಲಿ ಒಂದಾದ ತುಂಗಭದ್ರೆಯೇ ಮುಂದೆ ಹರಿದು ಆ ತಾಲ್ಲೂಕಿಗೆ ಅಂಚಾಗುತ್ತದೆ. ಅವರು ೧೯೪೧ರಲ್ಲಿ ಕಲ್ಕತ್ತೆಯ ಸಂಸ್ಥೆಯನ್ನು ಸೇರಿ, ೧೯೪೬ರಲ್ಲಿ ಕೇಂಬ್ರಿಜ್ಜಿಗೆ ಹೋಗಿ ಫಿಷರರ ಶಿಷ್ಯರಾದರು. ಅವರ ‘ಲೀನಿಯರ್ ಸ್ಟ್ಯಾಟಿಸ್ಟಿಕಲ್ ಇನ್ಫರೆನ್ಸ್’ ಗ್ರಂಥವು ೧೯೬೫ರಲ್ಲಿಯೂ, ಸುಜಿತ್‌ಕುಮಾರ್ ಮಿತ್ರರೊಡನೆ ಬರೆದ ಸಾಮಾನ್ಯೀಕೃತ ವಿಲೋಮದ ಗ್ರಂಥವು ೧೯೭೧ರಲ್ಲಿಯೂ ಪ್ರಕಟವಾದುವು. ೨೦೨೩ರಲ್ಲಿ, ತಮ್ಮ ೧೦೨ನೆಯ ವಯಸ್ಸಿನಲ್ಲಿ, ಅವರು ಅಮೆರಿಕೆಯಲ್ಲಿ ಕಾಲವಾದರು. ಮಿದುಳಿನ ಚಿತ್ರಣಕ್ಕಾಗಿ ಅವರು ಈ ಗಣಿತವನ್ನು ರಚಿಸಲಿಲ್ಲ. ಆ ಯಂತ್ರವೇ ಆಗ ಇರಲಿಲ್ಲ. ಆದರೂ ಕೊರತೆಯಿರುವ ಕೋಷ್ಟಕವನ್ನು ಎದುರಿಸುವಾಗ ಚಿತ್ರಣದ ಲೆಕ್ಕಿಗನು ಈ ಗಣಿತವನ್ನೇ ಆಶ್ರಯಿಸಬೇಕಾಗುತ್ತದೆ.

೬. ಶೇಷದ ಪರೀಕ್ಷೆ

ಮಾದರಿಯ ಸತ್ಯವು ಅದರ ಶೇಷದಲ್ಲಿ ಅಡಗಿದೆ. ಇಂದಿನ ಹೊಳೆಯ ಮಟ್ಟವು ನಿನ್ನೆಯದನ್ನು ಹೋಲುವಂತೆ, ಒಂದು ಅಳತೆಯ ಶೇಷವು ಹಿಂದಿನ ಅಳತೆಯ ಶೇಷವನ್ನು ಹೋಲುತ್ತದೆ. ಆದಕಾರಣ ೧೬೦ ಅಳತೆಗಳು ೧೬೦ ಸ್ವತಂತ್ರ ಸಾಕ್ಷಿಗಳಲ್ಲ. ಒಬ್ಬನ ಮಾತನ್ನೇ ಕೇಳಿ ನುಡಿಯುವ ಹಲವರನ್ನು ಹಲವು ಸಾಕ್ಷಿಗಳೆಂದು ಎಣಿಸುವ ನ್ಯಾಯಾಧೀಶನು ಮೋಸಹೋಗುವಂತೆ, ಈ ಸಂಬಂಧವನ್ನು ಮಾದರಿಯಲ್ಲಿ ಸೇರಿಸದ ಲೆಕ್ಕಿಗನೂ ಮೋಸಹೋಗುತ್ತಾನೆ.

ಎರಡನೆಯ ದೋಷವು ಕಣಗಳ ಬಾಹುಳ್ಯದಿಂದ ಬರುವುದು. ಒಂದು ಲಕ್ಷ ಕಣಗಳನ್ನು ಒಂದೊಂದಾಗಿ, ನೂರಕ್ಕೆ ಐದು ತಪ್ಪನ್ನು ಒಪ್ಪಿಕೊಂಡು ಪರೀಕ್ಷಿಸಿದರೆ, ಏನೂ ನಡೆಯದಿರುವ ಮಿದುಳಿನಲ್ಲಿಯೂ ಸುಮಾರು ೫,೦೦೦ ಕಣಗಳು ಬೆಳಗುವುವು. ಇದನ್ನು ಮನಗಾಣಿಸಲು ೨೦೦೯ರಲ್ಲಿ ಅಮೆರಿಕೆಯ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿರಿಸಿ ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿದರು, ಬಾಹುಳ್ಯಕ್ಕೆ ತಕ್ಕ ತಿದ್ದುಪಡಿಯಿಲ್ಲದೆ ಎಣಿಸಿದಾಗ ಸತ್ತ ಮೀನಿನಲ್ಲಿಯೂ ಕೆಲವು ಕಣಗಳು ‘ಚುರುಕಾದುವು’, ತಿದ್ದಿದಾಗ ಮಾಯವಾದುವು.

ಇದಕ್ಕಿಂತ ಗಂಭೀರವಾದ ಪರೀಕ್ಷೆಯು ೨೦೧೬ರದು. ಆಂಡರ್ಸ್ ಎಕ್ಲುಂಡ್, ಥಾಮಸ್ ನಿಕೋಲ್ಸ್, ಹಾನ್ಸ್ ಕ್ನುಟ್ಸನ್ ಎಂಬುವರು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿದ್ದ ೪೯೯ ಮಂದಿ ಆರೋಗ್ಯವಂತರ ಚಿತ್ರಗಳನ್ನು ತೆಗೆದುಕೊಂಡು, ಅವರು ೧೦ ಸೆಕೆಂಡಿನ ಅಥವಾ ೩೦ ಸೆಕೆಂಡಿನ ಸರದಿಗಳಲ್ಲಿ ಕೆಲಸಮಾಡಿದರೆಂದು ಸುಳ್ಳಾಗಿ ಕಲ್ಪಿಸಿ, ಹಾಗೆಯೇ ಬೇರೆ ಕೆಲವು ಕಲ್ಪಿತ ವಿನ್ಯಾಸಗಳನ್ನೂ ಹೂಡಿ, ರೂಢಿಯ ಮಾದರಿಗಳಿಂದ ಎಣಿಸಿದರು. ಕಣಗಳ ಗುಂಪುಗಳನ್ನು ಆಧರಿಸಿ ತೀರ್ಪುಕೊಡುವ ವಿಧಾನಗಳಲ್ಲಿ, ನೂರಕ್ಕೆ ಐದಿರಬೇಕಾದ ಸುಳ್ಳುತೀರ್ಪು ಕೆಲವು ಸಂದರ್ಭಗಳಲ್ಲಿ ನೂರಕ್ಕೆ ಎಪ್ಪತ್ತರವರೆಗೆ ಏರಿತು. ನೆರೆಹೊರೆಯ ಕಣಗಳ ಹೋಲಿಕೆಯು ಎಷ್ಟು ದೂರದವರೆಗೆ ಹೇಗೆ ತಗ್ಗುವುದೆಂಬ ಊಹೆಯು ನಿಜಸ್ಥಿತಿಗೆ ಹೊಂದದಿದ್ದುದೇ ಮುಖ್ಯ ಕಾರಣ. ಈ ಲೇಖನವು ಶಾಸ್ತ್ರವನ್ನು ಕೆಡವಲಿಲ್ಲ. ಶಾಸ್ತ್ರವು ತನ್ನ ಮಾದರಿಯನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡಿತು.

೭. ಉಪಸಂಹಾರ

ಇದೆಲ್ಲದರಿಂದ ಕನ್ನಡಿಗರಿಗೇನು ಪ್ರಯೋಜನವೆಂದರೆ, ಮೊದಲನೆಯದು ಪ್ರಾಣಕ್ಕೂ ಮಾತಿಗೂ ಸಂಬಂಧಪಟ್ಟುದು. ಮಿದುಳಿನ ಗಡ್ಡೆಯನ್ನು ತೆಗೆಯುವ ಮುನ್ನ ಮಾತಿನ ಸ್ಥಾನವು ಎಲ್ಲಿದೆಯೆಂದು ತಿಳಿಯಲು ಶಸ್ತ್ರವೈದ್ಯರು ಇಂಥ ಸರದಿಯ ಪ್ರಯೋಗಗಳನ್ನೇ ಬಳಸುತ್ತಾರೆ. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದುಗೂಡಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಸಂಸ್ಥೆಗಳಲ್ಲಿ ಈ ಚಿತ್ರಣವು ನಡೆಯುತ್ತದೆ. ಭದ್ರಾವತಿಯಿಂದ ಬಂದ, ಕನ್ನಡವೊಂದನ್ನೇ ಬಲ್ಲ ರೋಗಿಗೆ ಪರಭಾಷೆಯ ಪದಗಳನ್ನು ತೋರಿಸಿ ಸರದಿಯನ್ನು ನಡೆಸಿದರೆ ಕೋಷ್ಟಕದಲ್ಲಿ ‘ಓದು’ ಎಂದು ಬರೆದ ಸ್ತಂಭವು ಸುಳ್ಳಾಗುವುದು. ಗಣಿತವು ನಿರ್ದೋಷವಾಗಿದ್ದರೂ ಚಿತ್ರವು ದಾರಿತಪ್ಪಿಸುವುದು. ಆದ್ದರಿಂದ ಈ ಕೆಲಸಕ್ಕೆ ಬೇಕಾದ ಪದಪಟ್ಟಿಗಳನ್ನು, ಉದ್ದ, ಬಳಕೆ, ಒತ್ತಕ್ಷರಗಳ ಸಂಖ್ಯೆ ಮೊದಲಾದುವನ್ನು ತೂಗಿ, ಕನ್ನಡದಲ್ಲಿಯೇ ಸಿದ್ಧಪಡಿಸುವುದು ಭಾಷಾಪಂಡಿತರ ಹೊಣೆಯೂ ಹೌದು.

ಎರಡನೆಯದು ವಿವೇಕಕ್ಕೆ ಸಂಬಂಧಪಟ್ಟುದು. ಪದಗಳನ್ನು ಗೆರೆಗಳೊಡನೆ ಹೋಲಿಸಿದರೆ ಉಳಿಯುವುದು ಲಿಪಿ, ಧ್ವನಿ, ಅರ್ಥ ಇವೆಲ್ಲ ಕೂಡಿದ ಭೇದ. ಕನ್ನಡ ಲಿಪಿಯಲ್ಲಿಯೇ ಬರೆದ ಅರ್ಥವಿಲ್ಲದ ಅಕ್ಷರಗಳೊಡನೆ ಹೋಲಿಸಿದರೆ ಉಳಿಯುವುದು ಬಹುಮಟ್ಟಿಗೆ ಅರ್ಥದ ಭೇದ. ಒಂದೇ ಮಿದುಳು, ಒಂದೇ ಓದು. ಚಿತ್ರಗಳು ಮಾತ್ರ ಎರಡು. ಆದುದರಿಂದ ‘ಕಾವ್ಯಾಸ್ವಾದದ ಸ್ಥಾನವು ಇಲ್ಲಿದೆ’ ಎಂದು ಯಾರಾದರೂ ಚಿತ್ರವನ್ನು ಮುಂದೆ ಹಿಡಿದಾಗ, ಯಾವುದರಿಂದ ಯಾವುದನ್ನು ಕಳೆದಿರಿ, ಸರದಿಗಳು ಎಷ್ಟು ಕಾಲದವು, ಶೇಷಗಳ ಪರಸ್ಪರ ಸಂಬಂಧವನ್ನು ಎಣಿಸಿದಿರಾ, ಕಣಗಳ ಬಾಹುಳ್ಯಕ್ಕೆ ತಿದ್ದುಪಡಿ ಮಾಡಿದಿರಾ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಧಿಕಾರವು ಪ್ರತಿಯೊಬ್ಬ ವಾಚಕನಿಗೂ ಇದೆ. ಕೋಲ್ಮನ್ನರ ಕಾಲದ ಅಡಕೆಯ ಬೆಳೆಗಾರನಿಗೆ ಔಷಧಿ ಹೊಡೆದ ತೋಟವನ್ನು ಯಾವ ತೋಟದೊಡನೆ ಹೋಲಿಸಿದಿರಿ ಎಂದು ಕೇಳುವ ಹಕ್ಕು ಎಷ್ಟಿತ್ತೋ, ಇದೂ ಅಷ್ಟೇ, ಪ್ರಶ್ನೆಯೂ ಅದೇ.